ಮಳೆಯ ರಾತ್ರಿ ಬಾಗಿಲು ತೆರೆದವರನ್ನು ದೇವರೇ ಕಳುಹಿಸಿದನೆನ್ನಬಹುದೇ?

ಪ್ರಶ್ನೆ: ಕಳೆದ ಜುಲೈನಲ್ಲಿ ತಾಯಿಯ ಕಣ್ಣಿನ ಚಿಕಿತ್ಸೆ ಮುಗಿಸಿಕೊಂಡು ಮಣಿಪಾಲದಿಂದ ಶಿವಮೊಗ್ಗಕ್ಕೆ ಮರಳುತ್ತಿದ್ದೆವು. ಆಗುಂಬೆ ದಾಟಿದ ಮೇಲೆ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು. ಕತ್ತಲು, ಜಡಿಮಳೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಪರಿಚಯವೇ ಇಲ್ಲದ ಒಂದು ಮನೆಯವರು ಬ್ಯಾಟರಿ ಹಿಡಿದು ಬಂದು ನಮ್ಮನ್ನು ಕರೆದೊಯ್ದರು. ಬಚ್ಚಲೊಲೆಯ ಮುಂದೆ ನಮ್ಮ ಬಟ್ಟೆ ಒಣಗಿಸಿ, ಊಟ ಹಾಕಿ, ತಾಯಿಗೆ ತಮ್ಮ ಮಂಚವನ್ನೇ ಬಿಟ್ಟುಕೊಟ್ಟು, ಬೆಳಿಗ್ಗೆ ಜೀಪಿನಲ್ಲಿ ತೀರ್ಥಹಳ್ಳಿಯ ಬಸ್ ನಿಲ್ದಾಣಕ್ಕೆ ಬಿಟ್ಟರು. ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಭಾನುವಾರದ ಆರಾಧನೆಯಲ್ಲಿ ‘ದೇವರು ನಮಗಾಗಿ ದೇವದೂತರನ್ನೇ ಕಳುಹಿಸಿದ’ ಎಂದು ಸಾಕ್ಷಿ ಹೇಳಿದೆ. ಮನೆಗೆ ಬಂದ ಮೇಲೆ ನನ್ನ ತಮ್ಮ, ‘ಮಾಡಿದವರು ಅವರು, ನೀನು ಹೊಗಳಿದ್ದು ದೇವರನ್ನು. ಇದು ಸರಿಯೇ ಅಕ್ಕಾ?’ ಎಂದು ಕೇಳಿದ. ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು ‘ಅನ್ಯರ ಮೂಲಕವೂ ದೇವರು ಕೆಲಸ ಮಾಡಿಸುತ್ತಾನೆ ನೋಡಿ’ ಎಂದ ಮಾತು ಯಾಕೋ ಚುಚ್ಚಿತು. ಅದೇ ವಾರ ನಮ್ಮ ಕಡೆಯ ರಸ್ತೆಯೊಂದರಲ್ಲಿ ಬೈಕಿನಿಂದ ಬಿದ್ದ ಹುಡುಗನೊಬ್ಬ ಬೆಳಗಿನವರೆಗೆ ಹಾಗೆಯೇ ಬಿದ್ದಿದ್ದು ತೀರಿಕೊಂಡ. ಅವನ ಬಳಿಗೆ ದೇವರು ಯಾರನ್ನೂ ಕಳುಹಿಸಲಿಲ್ಲವೇ? ಆ ಮನೆಯವರನ್ನು ಮತ್ತೊಮ್ಮೆ ಕಂಡು ಬರಬೇಕೆಂದಿದ್ದೇನೆ. ಅವರಿಗೆ ಏನೆಂದು ಹೇಳಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಹೋದರಿ, ನೀವು ಹೇಳಿದ ಸಾಕ್ಷಿ ತಪ್ಪಲ್ಲ, ಆದರೆ ಅದು ಅರ್ಧಕ್ಕೆ ನಿಂತಿದೆ, ನಿಮ್ಮ ತಮ್ಮ ಕೇಳಿದ್ದು ಉಳಿದ ಅರ್ಧವನ್ನು. ಪ್ರಯಾಣದಲ್ಲಿ ಅಪರಿಚಿತರು ತೋರಿದ ದಯೆಯಲ್ಲಿ ದೇವರ ಕೈಯನ್ನು ಕಾಣುವುದು ಸತ್ಯವೇದದ, ಅಂದರೆ ಬೈಬಲಿನ, ಮೊದಲ ಪುಸ್ತಕದಿಂದಲೇ ಬಂದ ರೂಢಿ. ಆದರೆ ಸತ್ಯವೇದ ಆ ಮಾತನ್ನು ಬಹಳ ಎಚ್ಚರದಿಂದ ಆಡುತ್ತದೆ. ದೇವರು ನಡೆಸಿದನೆಂದು ಹೇಳುವಾಗ ಅದು ಬಾಗಿಲು ತೆರೆದ ಮನುಷ್ಯರನ್ನು ಹಿಂದಕ್ಕೆ ಸರಿಸುವುದಿಲ್ಲ, ಅವರಿಗೆ ಸಲ್ಲಬೇಕಾದ ಋಣವನ್ನು ಮನ್ನಾ ಮಾಡುವುದೂ ಇಲ್ಲ; ದೇವರ ಹೆಸರು ಬಂದ ಕಾರಣಕ್ಕೇ ಆ ಋಣ ಇನ್ನಷ್ಟು ಭಾರವಾಗುತ್ತದೆ. ನಿಮ್ಮ ನಾಲ್ಕು ಪ್ರಶ್ನೆಗಳಿಗೂ ಉತ್ತರ ಇದರೊಳಗೇ ಇದೆ ಎಂದು ನಾನು ನಂಬಿದ್ದೇನೆ.

ನಿಮ್ಮ ಅನುಭವಕ್ಕೆ ತೀರ ಹತ್ತಿರವಾದ ಪ್ರಸಂಗ, ಲೂಕನು ಬರೆದ ಅಪೊಸ್ತಲರ ಕೃತ್ಯಗಳೆಂಬ ಪುಸ್ತಕದ ಕೊನೆಯ ಎರಡು ಅಧ್ಯಾಯಗಳಲ್ಲಿದೆ. ಯೇಸುವಿನ ಸುವಾರ್ತೆ ಸಾರಿದ ಪೌಲನು ಕೈದಿಯಾಗಿ ರೋಮಿಗೆ ಹೋಗುತ್ತಿದ್ದಾನೆ. ಗೋಧಿ ಹೊತ್ತ ಅಲೆಕ್ಸಾಂದ್ರಿಯದ ಹಡಗು, ಅದರಲ್ಲಿ 276 ಜನ. ಕ್ರೇತ ದ್ವೀಪದಲ್ಲೇ ಚಳಿಗಾಲ ಕಳೆಯುವುದು ಒಳ್ಳೆಯದೆಂದು ಅವನು ಎಚ್ಚರಿಸಿದರೂ ಕಾವಲಿನ ಸೇನಾಧಿಕಾರಿಯಾದ ಶತಾಧಿಪತಿಯು ಹಡಗಿನ ಯಜಮಾನನ ಮಾತಿಗೇ ಕಿವಿಗೊಟ್ಟು ಮುಂದೆ ಸಾಗಿದ. ಬಿರುಗಾಳಿಗೆ ಸಿಕ್ಕ ಹಡಗು ಹದಿನಾಲ್ಕು ರಾತ್ರಿ ದಿಕ್ಕುಗೆಟ್ಟು ತೇಲಿತು. ಆ ನಡುವೆ ಒಂದು ರಾತ್ರಿ ದೇವದೂತನು ಪೌಲನಿಗೆ ಮಾತು ಕೊಡುತ್ತಾನೆ: ನೀನು ರೋಮಿನ ಚಕ್ರವರ್ತಿ ಕೈಸರನ ಮುಂದೆ ನಿಲ್ಲಬೇಕಾಗಿದೆ, ಹಡಗಿನಲ್ಲಿರುವ ಎಲ್ಲರ ಪ್ರಾಣವೂ ಉಳಿಯುತ್ತದೆ. ಪೌಲನು ಇದನ್ನು ಉಳಿದವರಿಗೆ ತಿಳಿಸುತ್ತ, ನಾವು ಯಾವುದೋ ಒಂದು ದ್ವೀಪದ ದಡಕ್ಕೆ ಬೀಳಬೇಕಾಗಿದೆ ಎನ್ನುತ್ತಾನೆ. ಯಾವ ದ್ವೀಪ, ಅಲ್ಲಿ ಯಾರಿದ್ದಾರೆ, ಅವರು ಹೇಗೆ ಕಾಣುತ್ತಾರೆ ಎಂಬುದು ಅವನಿಗೂ ತಿಳಿಯದು. ಹಡಗು ಒಡೆದು, ಈಜಬಲ್ಲವರು ಈಜಿ, ಉಳಿದವರು ಹಲಗೆ ಹಿಡಿದು ದಡ ಸೇರಿದ ಮೇಲೆಯೇ ಅದು ಮೆಲೀತೆ, ಅಂದರೆ ಇಂದಿನ ಮಾಲ್ಟಾ, ಎಂದು ಗೊತ್ತಾಗುತ್ತದೆ. ಮಳೆ ಸುರಿಯುತ್ತಿತ್ತು, ಚಳಿಯಿತ್ತು. ಆ ದ್ವೀಪದ ಜನ ಬೆಂಕಿ ಹೊತ್ತಿಸಿ ಅವರೆಲ್ಲರನ್ನೂ ಬರಮಾಡಿಕೊಂಡರು, ಅಸಾಧಾರಣವಾದ ದಯೆ ತೋರಿಸಿದರು ಎಂದು ಲೂಕನು ಬರೆಯುತ್ತಾನೆ.

ಇಲ್ಲಿ ಲೂಕನು ಏನನ್ನು ಬರೆದಿಲ್ಲ ಎಂಬುದನ್ನು ಗಮನಿಸಿ. ದೇವರ ವಾಗ್ದಾನವನ್ನು ಹಿಂದಿನ ಅಧ್ಯಾಯದಲ್ಲೇ ಬಿಡಿಸಿ ಹೇಳಿದವನು, ಬೆಂಕಿಯ ಮಾತು ಬಂದಾಗ ‘ದೇವರು ಅವರಿಂದ ಬೆಂಕಿ ಹಾಕಿಸಿದನು’ ಎನ್ನುವುದಿಲ್ಲ. ಆ ದಯೆಯನ್ನು ಆ ಜನರದ್ದೆಂದೇ ದಾಖಲಿಸುತ್ತಾನೆ. ಓದುವ ನಮಗೆ ಎರಡೂ ಕಾಣುತ್ತವೆ: ಎಲ್ಲರೂ ಉಳಿಯುವರೆಂಬ ದೇವರ ಮಾತು ಅಲ್ಲಿದೆ, ಒದ್ದೆ ಕಟ್ಟಿಗೆಗೆ ಕಿಚ್ಚು ಹಿಡಿಸಲು ಮಳೆಯಲ್ಲಿ ನಿಂತ ಕೈಗಳೂ ಅಲ್ಲಿವೆ. ಮೊದಲನೆಯದು ಎರಡನೆಯದರಿಂದಲೇ ನೆರವೇರುತ್ತಿದ್ದರೂ ಅದನ್ನು ನುಂಗುವುದಿಲ್ಲ. ಅಷ್ಟೇ ಅಲ್ಲ, ಪೌಲನು ಬೆಂಕಿಯ ಮುಂದೆ ಕೈಕಟ್ಟಿ ಕುಳಿತಿರಲಿಲ್ಲ. ಅವನೂ ಒಂದು ಹೊರೆ ಕಟ್ಟಿಗೆ ಆಯ್ದು ತರುತ್ತಾನೆ. ಆ ಕಟ್ಟಿಗೆಯೊಳಗಿಂದಲೇ ಹಾವು ಹೊರಬಂದು ಅವನ ಕೈಗೆ ಸುತ್ತಿಕೊಳ್ಳುತ್ತದೆ.

ಆ ಹಾವಿನ ಪ್ರಸಂಗವನ್ನು ಪವಾಡದ ಕಥೆಯಾಗಿ ಓದಿ ಮುಗಿಸುವುದು ವಾಡಿಕೆ. ನನಗೆ ಅದರಲ್ಲಿ ನಿಮ್ಮ ಪ್ರಶ್ನೆಗೆ ಬೇಕಾದ ಒಂದು ಪಾಠವೂ ಕಾಣುತ್ತದೆ. ಹಾವನ್ನು ನೋಡಿದ ಕೂಡಲೇ ದ್ವೀಪದ ಜನ, ಇವನು ಕೊಲೆಗಾರನಿರಬೇಕು, ಸಮುದ್ರದಿಂದ ಉಳಿದರೂ ನ್ಯಾಯದೇವತೆ ಇವನನ್ನು ಬಿಡಲಿಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ಅವನಿಗೆ ಏನೂ ಆಗದಿದ್ದಾಗ ಮಾತು ಬದಲಿಸಿ, ಇವನೇ ಒಬ್ಬ ದೇವರು ಎನ್ನುತ್ತಾರೆ. ಎರಡು ಸಲವೂ ಅವರು ಘಟನೆಯನ್ನು ಶಕುನದಂತೆ ಓದಿದರು, ಎರಡು ಸಲವೂ ತಪ್ಪಿದರು. ಆದರೆ ಅವರು ಹಾಕಿದ ಬೆಂಕಿ ಮಾತ್ರ ಸರಿಯಾಗಿತ್ತು. ನಾವು ವಿಶ್ವಾಸಿಗಳೂ ಹಲವು ವೇಳೆ ಇದೇ ಬಗೆಯಲ್ಲಿ ಶಕುನ ಓದುತ್ತೇವೆ. ದಾರಿಯಲ್ಲಿ ಒಬ್ಬರು ಕರುಣೆ ತೋರಿದರೆ ಸಾಕು, ಆ ಊರಲ್ಲೇ ಜಾಗ ಕೊಳ್ಳಬೇಕೆಂಬ ಸೂಚನೆ, ಆ ಮನೆಯಲ್ಲೇ ಸಂಬಂಧ ಬೆಳೆಸಬೇಕೆಂಬ ಸೂಚನೆ, ಹಿಡಿದ ಕೆಲಸ ಬಿಡಬೇಕೆಂಬ ಸೂಚನೆ ಎಂದು ಅರ್ಥ ಹಚ್ಚಲು ಹೊರಡುತ್ತೇವೆ. ದಯೆ ಗುಪ್ತಲಿಪಿಯಲ್ಲ. ಒದ್ದೆಯಾದವರಿಗೆ ಒಣ ಬಟ್ಟೆ ಸಿಕ್ಕಿತು, ಹಸಿದವರಿಗೆ ಅನ್ನ ಸಿಕ್ಕಿತು ಎಂಬುದೇ ಅದರ ಅರ್ಥ. ದೇವರ ನಡೆಸುವಿಕೆಯೂ ಅಲ್ಲೇ ಇದೆ, ಅದರ ಹಿಂದೆ ಅಡಗಿದ ಬೇರೊಂದು ಸಂದೇಶದಲ್ಲಿ ಅಲ್ಲ.

ಹಾಗಾದರೆ ರೆಬೆಕ್ಕಳ ಕಥೆಯಲ್ಲಿ ಅಬ್ರಹಾಮನ ಸೇವಕ ಸೂಚನೆಯನ್ನೇ ಕೇಳಲಿಲ್ಲವೇ ಎಂದು ನೀವು ಕೇಳಬಹುದು. ಆದಿಕಾಂಡದ 24ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಬಂದ ಆ ಸೇವಕ ಊರ ಹೊರಗಿನ ಬಾವಿಯ ಬಳಿ ಹತ್ತು ಒಂಟೆಗಳೊಂದಿಗೆ ನಿಂತು ಪ್ರಾರ್ಥಿಸುತ್ತಾನೆ: ನನಗೆ ನೀರು ಕೊಡುವುದಲ್ಲದೆ ಒಂಟೆಗಳಿಗೂ ತಂದುಕೊಡುತ್ತೇನೆ ಎನ್ನುವ ಹುಡುಗಿಯೇ ನೀನು ಗೊತ್ತುಮಾಡಿದವಳಾಗಿರಲಿ. ಅವನು ಆಕಾಶದಲ್ಲಿ ಗುರುತು ಬೇಡಲಿಲ್ಲ. ಬೇಡಿದ ಗುರುತೇ ಅಪರಿಚಿತನಿಗೆ ತೋರುವ ದಯೆ. ಬಾಯಾರಿದ ಒಂಟೆಯೊಂದು ಒಂದೇ ಸಲಕ್ಕೆ ನೂರು ಲೀಟರಿನಷ್ಟು ನೀರು ಕುಡಿಯಬಲ್ಲದು. ಹತ್ತು ಒಂಟೆಗಳು ಸಾಕೆನ್ನುವವರೆಗೆ ಬಾವಿಗಿಳಿದು, ಕೊಡ ತುಂಬಿ, ಹತ್ತಿ ಬಂದು, ತೊಟ್ಟಿಗೆ ಸುರಿದು ಮತ್ತೆ ಇಳಿಯಬೇಕು. ಅಡಿಕೆ ತೋಟದ ಕೆಳಗಿನ ಹಳ್ಳದಿಂದ ಕೊಡಪಾನದಲ್ಲಿ ನೀರು ಹೊತ್ತು ಏರಿದ ನಮ್ಮ ಕಡೆಯ ಹೆಂಗಸರಿಗೆ ಆ ಸಂಜೆಯ ಶ್ರಮ ಎಷ್ಟಿತ್ತೆಂದು ಹೇಳಿಕೊಡಬೇಕಿಲ್ಲ. ಅಷ್ಟು ಹೊತ್ತೂ ಆ ಸೇವಕ, ಯೆಹೋವನು ತನ್ನ ಪ್ರಯಾಣವನ್ನು ಸಫಲಮಾಡಿದನೋ ಇಲ್ಲವೋ ಎಂದು ಸುಮ್ಮನೆ ನೋಡುತ್ತಿದ್ದನಂತೆ. ಒಂಟೆಗಳು ಕುಡಿದು ಮುಗಿಸಿದ ಮೇಲೆ ಅವನು ಮೊದಲು ಮಾಡಿದ್ದು ಆ ಹುಡುಗಿಗೆ ಚಿನ್ನದ ಮೂಗುತಿಯನ್ನೂ ಎರಡು ಬಳೆಗಳನ್ನೂ ತೆಗೆದದ್ದು. ಆಮೇಲೆ ಅವಳು ಯಾರ ಮಗಳೆಂದು ಕೇಳಿದ್ದು. ದಾರಿಯಲ್ಲಿ ನನ್ನನ್ನು ನಡೆಸಿದ ದೇವರಿಗೆ ಸ್ತೋತ್ರವೆಂದು ತಲೆಬಾಗಿದ್ದು ಅದರ ನಂತರ. ಹುಡುಗಿಗೆ ಸಲ್ಲಬೇಕಾದದ್ದು ಹುಡುಗಿಗೆ ಸಂದಿತು, ದೇವರಿಗೆ ಸಲ್ಲಬೇಕಾದದ್ದು ದೇವರಿಗೆ ಸಂದಿತು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರ ಲೆಕ್ಕದಿಂದ ಕಳೆಯಲಿಲ್ಲ.

ನಿಮ್ಮ ತಮ್ಮನ ಆಕ್ಷೇಪದ ಬೇರು ಈ ಕಳೆಯುವ ಲೆಕ್ಕದಲ್ಲಿದೆ. ಕೀರ್ತಿಯನ್ನು ಹಂಚಬೇಕು, ದೇವರಿಗೆ ಹೆಚ್ಚು ಕೊಟ್ಟರೆ ಮನುಷ್ಯರಿಗೆ ಕಡಿಮೆಯಾಗುತ್ತದೆ ಎಂದು ಅವರು ಭಾವಿಸಿದ್ದಾರೆ. ನಿಮ್ಮ ಸಾಕ್ಷಿಯ ಧಾಟಿಯೂ ಹಾಗೆಯೇ ಇತ್ತೆಂದು ತೋರುತ್ತದೆ. ಹದಿಮೂರನೆಯ ಶತಮಾನದ ಕಥೋಲಿಕ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಈ ತೊಡಕನ್ನು ಬಹಳ ಸ್ಪಷ್ಟವಾಗಿ ಬಿಡಿಸಿದ್ದಾನೆ. ದೇವರು ತನ್ನ ಪಾಲನೆಯನ್ನು ಬೇರೆಯವರ ಮೂಲಕ ನಡೆಸುವುದು ಶಕ್ತಿ ಸಾಲದೆ ಅಲ್ಲ, ಒಳ್ಳೆಯತನ ತುಂಬಿ ತುಳುಕುವುದರಿಂದ. ತಾನು ಸೃಷ್ಟಿಸಿದವರಿಗೂ ಒಳಿತಿಗೆ ಕಾರಣರಾಗುವ ಘನತೆಯನ್ನು ಆತ ಕೊಡುತ್ತಾನೆ ಎಂಬುದು ಅವನ ವಾದದ ಸಾರ. ಅಂದರೆ ಆ ಮನೆಯವರು ದೇವರ ಕೈಯಲ್ಲಿನ ಕೋಲಾಗಿರಲಿಲ್ಲ. ಬ್ಯಾಟರಿ ಹಿಡಿದು ಹೊರಡಬೇಕೋ ಬೇಡವೋ ಎಂದು ನಿರ್ಧರಿಸಿದವರು ಅವರು, ನಿಮ್ಮ ತಾಯಿಗೆ ಮಂಚ ಬಿಟ್ಟುಕೊಟ್ಟು ಚಾಪೆಯ ಮೇಲೆ ಮಲಗಿದವರು ಅವರು. ಹಾಗೆ ನಿರ್ಧರಿಸಬಲ್ಲ ಮನಸ್ಸನ್ನು ಕೊಟ್ಟವನು ದೇವರು, ಆ ಮನಸ್ಸಿನೊಳಗೆ ಸದ್ದಿಲ್ಲದೆ ಪ್ರೇರಿಸುವವನೂ ಆತನೇ ಎಂದು ನಾವು ನಂಬುತ್ತೇವೆ. ಪ್ರಾಟೆಸ್ಟೆಂಟ್ ಕಡೆಯವರು ಇದನ್ನು ಕಥೋಲಿಕರ ತತ್ತ್ವಶಾಸ್ತ್ರವೆಂದು ಬದಿಗಿಡಬೇಕಿಲ್ಲ. ದೇವರ ಪರಮಾಧಿಕಾರವನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರಿದ ಪ್ರಾಟೆಸ್ಟೆಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಕೂಡ ಇದನ್ನೇ ಹೇಳುತ್ತಾನೆ. ಉಪಕಾರ ಪಡೆದ ಭಕ್ತನು ದೇವರನ್ನು ಅದರ ಮುಖ್ಯ ಕರ್ತನೆಂದು ಸ್ತುತಿಸುತ್ತಾನೆ; ಜೊತೆಗೆ ಉಪಕಾರ ಮಾಡಿದವರನ್ನು ದೇವರ ಒಳ್ಳೆಯತನದ ಸೇವಕರೆಂದು ಗೌರವಿಸುತ್ತಾನೆ, ತಾನು ಅವರಿಗೆ ಋಣಿಯೆಂದು ಮನಸಾರೆ ಒಪ್ಪುತ್ತಾನೆ, ಅವಕಾಶ ಸಿಕ್ಕಾಗ ತೀರಿಸಲು ಯತ್ನಿಸುತ್ತಾನೆ ಎಂಬುದು ಅವನ ಅಭಿಪ್ರಾಯ. ‘ದೇವರು ಮಾಡಿಸಿದ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ಸಾಕ್ಷಿಗೆ ಈ ಎರಡು ಪರಂಪರೆಗಳಲ್ಲೂ ಆಸರೆಯಿಲ್ಲ.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ಅವರು ಕೆಟ್ಟ ಉದ್ದೇಶದಿಂದ ಆಡಿರಲಾರರು. ಆದರೂ ‘ಅನ್ಯರ ಮೂಲಕವೂ’ ಎಂಬ ಮಾತು ನಿಮ್ಮನ್ನು ಚುಚ್ಚಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಸತ್ಯವೇದದ ಪ್ರಯಾಣದ ಕಥೆಗಳಲ್ಲಿ ಬಾಗಿಲು ತೆರೆಯುವವರು ಹಲವು ವೇಳೆ ಹೊರಗಿನವರೇ. ಬರಗಾಲದಲ್ಲಿ ಪ್ರವಾದಿ ಎಲೀಯನನ್ನು ಸಾಕಿದವಳು ಸೀದೋನ್ ಸೀಮೆಯ ಚಾರೆಪ್ತದ ವಿಧವೆ. ಮಡಕೆಯ ತಳದಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ. ಅದರಲ್ಲಿ ರೊಟ್ಟಿ ಮಾಡಿ ತಾನೂ ಮಗನೂ ತಿಂದು ಸಾಯುವುದೆಂದು ಕಟ್ಟಿಗೆ ಆಯುತ್ತಿದ್ದವಳು. ‘ನಿನ್ನ ದೇವರಾದ ಯೆಹೋವ’ ಎಂದು ಅವಳು ಎಲೀಯನಿಗೆ ಹೇಳುತ್ತಾಳೆ, ನನ್ನ ದೇವರು ಎನ್ನುವುದಿಲ್ಲ. ಯೇಸುಸ್ವಾಮಿ ತಮ್ಮ ಊರಾದ ನಜರೇತಿನ ಸಭಾಮಂದಿರದಲ್ಲಿ ಇದನ್ನು ನೆನಪಿಸಿ, ಇಸ್ರಾಯೇಲಿನಲ್ಲಿ ಎಷ್ಟೋ ವಿಧವೆಯರಿದ್ದರೂ ದೇವರು ಎಲೀಯನನ್ನು ಕಳುಹಿಸಿದ್ದು ಪರದೇಶದ ಇವಳ ಬಳಿಗೆ ಎಂದಾಗ, ಅಲ್ಲಿದ್ದವರು ಸಿಟ್ಟಿನಿಂದ ಎದ್ದು ಅವರನ್ನು ಗುಡ್ಡದ ತುದಿಯಿಂದ ಕೆಡವಲು ಎಳೆದೊಯ್ದರು. ನಮ್ಮವರಲ್ಲದವರ ಒಳ್ಳೆಯತನದ ಮಾತು ಬಂದಾಗ ಮನಸ್ಸಿನಲ್ಲಿ ಏಳುವ ಇರುಸುಮುರುಸು ಅಷ್ಟು ಹಳೆಯದು.

ಮಲೆನಾಡಿನ ಮನೆಗಳ ದಯೆಗೆ ಅದರದ್ದೇ ಆದ ಚರಿತ್ರೆಯಿದೆ, ಅದನ್ನೂ ಒಪ್ಪಬೇಕು. ಇಲ್ಲಿ ಮನೆಗಳು ಬಯಲುಸೀಮೆಯ ಊರಿನಂತೆ ಒತ್ತಾಗಿಲ್ಲ. ತೋಟಕ್ಕೊಂದು, ಗುಡ್ಡದ ಮಗ್ಗುಲಿಗೊಂದು ಒಂಟಿಮನೆ. ರಸ್ತೆಗಳಿಲ್ಲದ ಕಾಲದಲ್ಲಿ ಮಳೆಗಾಲವೆಂದರೆ ಹಳ್ಳ ಏರಿ, ಕಾಲುಸಂಕ ಕೊಚ್ಚಿಹೋಗಿ, ದಾರಿಹೋಕರು ಎಲ್ಲಿದ್ದರೋ ಅಲ್ಲೇ ಸಿಕ್ಕಿಬೀಳುವ ಕಾಲ. ಜಗಲಿಗೆ ಬಂದವರು ಯಾರೇ ಆಗಲಿ, ಮೊದಲು ಕಾಲಿಗೆ ನೀರು, ಕುಡಿಯಲು ಬೆಲ್ಲ-ನೀರು ಕೊಟ್ಟು, ಆಮೇಲೆ ಎಲ್ಲಿಯವರೆಂದು ವಿಚಾರಿಸುವುದು ಇಲ್ಲಿನ ಸಂಪ್ರದಾಯ. ನಾಳೆ ತಾವೂ ಬೇರೊಬ್ಬರ ಜಗಲಿ ಹತ್ತಬೇಕಾದೀತೆಂಬ ಅರಿವು ಅದರಲ್ಲಿದೆ. ಅತಿಥಿಯನ್ನು ದೇವರೆಂದು ಕಾಣು ಎನ್ನುವ ಉಪನಿಷತ್ತಿನ ಮಾತು ಅದರಲ್ಲಿದೆ. ಅಜ್ಜಿಯಿಂದ ಸೊಸೆಗೆ ಬಂದ ನಡವಳಿಕೆ ಅದರಲ್ಲಿದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲಿ ನೆಲೆನಿಂತ ಎಷ್ಟೋ ಕ್ರೈಸ್ತ ಕುಟುಂಬಗಳೂ ಮೊದಲ ದಿನಗಳಲ್ಲಿ ನೆರೆಹೊರೆಯ ಇಂಥ ಜಗಲಿಗಳನ್ನು ನೆಚ್ಚಿ ಬದುಕಿದವು. ದೇವರು ತನ್ನ ಬಗ್ಗೆ ಸಾಕ್ಷಿಯಿಲ್ಲದಂತೆ ಯಾವ ಜನಾಂಗವನ್ನೂ ಬಿಡಲಿಲ್ಲ ಎಂದು ಪೌಲನು ಲುಸ್ತ್ರದಲ್ಲಿ, ಸತ್ಯವೇದವನ್ನೇ ಕಾಣದ ಜನರಿಗೆ ಹೇಳುತ್ತಾನೆ. ಆ ಮನೆಯವರ ಸಂಪ್ರದಾಯವನ್ನು ಗೌರವಿಸಿದರೆ ನಿಮ್ಮ ವಿಶ್ವಾಸಕ್ಕೆ ಯಾವ ಕುಂದೂ ಬಾರದು.

ಇನ್ನೊಂದು ವಿಷಯ ನಿಮ್ಮ ಸಾಕ್ಷಿಯನ್ನು ಓದಿದಾಗಿನಿಂದ ನನ್ನ ಮನಸ್ಸಿನಲ್ಲಿದೆ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೀವು ಆ ಮನೆಯವರನ್ನು ದೇವದೂತರೆಂದಿರಿ. ದೇವದೂತರು ಗುರುತಿಲ್ಲದೆ ಮನುಷ್ಯರ ನಡುವೆ ಬರುವ ಮಾತು ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ ಆರಂಭದಲ್ಲಿದೆ. ಆದರೆ ಅಲ್ಲಿ ದೇವದೂತರು ಮನೆಯ ಯಜಮಾನರಲ್ಲ, ಅತಿಥಿಗಳು. ಅತಿಥಿಸತ್ಕಾರವನ್ನು ಮರೆಯಬೇಡಿರಿ, ಹೀಗೆ ಸತ್ಕರಿಸಿದ ಕೆಲವರು ತಿಳಿಯದೆಯೇ ದೇವದೂತರನ್ನು ಸತ್ಕರಿಸಿದ್ದಾರೆ ಎಂಬುದು ಅದರ ಸಾರ. ಮಮ್ರೆಯ ಮರಗಳ ಬಳಿ ಬಿಸಿಲ ಹೊತ್ತಿನಲ್ಲಿ ಮೂವರು ದಾರಿಹೋಕರನ್ನು ಓಡಿಹೋಗಿ ಕರೆತಂದ ಅಬ್ರಹಾಮನ ನೆನಪು ಅದರ ಹಿಂದಿದೆ. ಮತ್ತಾಯನ 25ನೆಯ ಅಧ್ಯಾಯದಲ್ಲೂ ಯೇಸುಸ್ವಾಮಿ ತಾವು ಎಲ್ಲಿ ನಿಂತಿರುವುದಾಗಿ ಹೇಳುತ್ತಾರೆ ನೋಡಿ: ನಾನು ಪರದೇಶಿಯಾಗಿದ್ದೆನು, ನೀವು ನನ್ನನ್ನು ಸೇರಿಸಿಕೊಂಡಿರಿ. ಬಾಗಿಲು ತೆರೆದ ಕೈಯ ಕಡೆಗಲ್ಲ, ಹೊರಗೆ ಒದ್ದೆಯಾಗಿ ನಿಂತವರ ಕಡೆಗೆ ಅವರು ತಮ್ಮನ್ನು ಸೇರಿಸಿಕೊಳ್ಳುತ್ತಾರೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ನಿಯಮ ಬರೆಯುವಾಗ, ಬರುವ ಅತಿಥಿಗಳೆಲ್ಲರನ್ನೂ ಕ್ರಿಸ್ತರಂತೆಯೇ ಬರಮಾಡಿಕೊಳ್ಳಬೇಕೆಂದು ವಿಧಿಸಿದ್ದು ಈ ವಾಕ್ಯದ ಆಧಾರದ ಮೇಲೆ. ಹೀಗೆ ನೋಡಿದರೆ ಆ ರಾತ್ರಿ ದೇವರು ಆ ಮನೆಯವರನ್ನು ನಿಮ್ಮ ಬಳಿಗೆ ಕಳುಹಿಸಿದನೆಂಬುದು ಎಷ್ಟು ನಿಜವೋ, ನಿಮ್ಮನ್ನೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ನಿಮ್ಮ ತಾಯಿಯನ್ನೂ ಆ ಮನೆಗೆ ಕಳುಹಿಸಿದನೆಂಬುದೂ ಅಷ್ಟೇ ನಿಜ. ನೀವು ಕೈ ಚಾಚಿದ್ದರಿಂದ ಅವರಿಗೆ ಒಂದು ಒಳಿತಿನ ಸಂದರ್ಭ ಒದಗಿತು. ಆ ಅಧ್ಯಾಯದಲ್ಲಿ ನೀತಿವಂತರು ಆಶ್ಚರ್ಯದಿಂದ, ಸ್ವಾಮೀ, ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಕೇಳುತ್ತಾರೆ. ತಾವು ಯಾರಿಗೆ ಮಾಡಿದೆವೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಆ ಅರಿವು ಇಲ್ಲದಿದ್ದರೂ ಮಾಡಿದ್ದು ವ್ಯರ್ಥವಾಗಲಿಲ್ಲ.

ಆ ಹುಡುಗನ ವಿಷಯವನ್ನು ನಾನು ಉದ್ದೇಶಪೂರ್ವಕವಾಗಿಯೇ ಇಲ್ಲಿಯವರೆಗೆ ತಡೆದೆ. ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಭಾರವಾದದ್ದು ಅದು. ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತಾಗ ಯೇಸುಸ್ವಾಮಿ ಒಂದು ಲೆಕ್ಕವನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು: ಸತ್ತವರು ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದವರೆಂದು ನೆನಸುತ್ತೀರೋ, ಹಾಗಲ್ಲ. ಇದರ ಇನ್ನೊಂದು ಮಗ್ಗುಲನ್ನು ನಾವು ಮರೆಯುತ್ತೇವೆ. ಉಳಿದವರು ಹೆಚ್ಚು ಪ್ರಾರ್ಥಿಸಿದವರಲ್ಲ, ದೇವರಿಗೆ ಹೆಚ್ಚು ಬೇಕಾದವರೂ ಅಲ್ಲ. ನಿಮ್ಮ ತಾಯಿಗೆ ಮಂಚ ಸಿಕ್ಕಿದ್ದು ದೇವರ ಕೃಪೆಯೆಂದರೆ ಆ ಹುಡುಗನಿಗೆ ಯಾರೂ ಸಿಗದಿದ್ದದ್ದು ದೇವರ ಅವಕೃಪೆ ಎಂದಾಗುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ತನ್ನ ಪ್ರಯಾಣಗಳ ಕಷ್ಟಗಳನ್ನು ಎಣಿಸುತ್ತಾ, ಮೂರು ಸಲ ಹಡಗು ಒಡೆಯಿತು, ಒಂದು ರಾತ್ರಿ ಒಂದು ಹಗಲು ಸಮುದ್ರದಲ್ಲೇ ಕಳೆದೆ, ಹಸಿವೆ, ಚಳಿ, ಬೆತ್ತಲೆ ಎಲ್ಲವನ್ನೂ ಅನುಭವಿಸಿದೆ ಎನ್ನುತ್ತಾನೆ. ಅದು ಮೆಲೀತೆಯ ಬೆಂಕಿಗಿಂತ ಮುಂಚಿನ ಮಾತು. ಆ ಹಗಲು ರಾತ್ರಿ ಅವನ ಬಳಿಗೆ ದೋಣಿ ಬಂದ ಸುದ್ದಿ ಅಲ್ಲಿಲ್ಲ. ಆಗ ದೇವರು ತನ್ನನ್ನು ಬಿಟ್ಟುಬಿಟ್ಟಿದ್ದನೆಂದು ಅವನು ಹೇಳುವುದೂ ಇಲ್ಲ.

ಆದರೆ ಆ ರಸ್ತೆಯಲ್ಲಿ ಬೆಳಗಿನವರೆಗೆ ಒಂದೂ ವಾಹನ ಹಾದುಹೋಗಲಿಲ್ಲವೇ? ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ ಸುಮಾರು 27 ಕಿಲೋಮೀಟರಿನಲ್ಲಿ ಸಾವಿರ ಮೀಟರಿನಷ್ಟು ಕೆಳಗಿಳಿಯುತ್ತದೆ. ನಮ್ಮ ಆಗುಂಬೆ ಘಾಟಿಯಂತೆ ಅದೂ ತಿರುವುಗಳ, ನಿರ್ಜನವಾದ ಘಟ್ಟದ ದಾರಿ. ಅಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಬಳಿಗೆ ಯೇಸುಸ್ವಾಮಿ ಹೇಳಿದ ದೃಷ್ಟಾಂತಕಥೆಯಲ್ಲಿ ಮೂವರು ಬರುತ್ತಾರೆ. ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿ ಆಚೆ ಬದಿಯಿಂದ ಹೋದರು. ಯೆಹೂದ್ಯರು ಹೊರಗಿನವನೆಂದು ದೂರವಿಡುತ್ತಿದ್ದ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ತಂದು, ಎರಡು ದಿನದ ಕೂಲಿಯಷ್ಟು ಹಣ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ. ಕರುಣೆ ತೋರಿದವನಿಗೆ ಪ್ರೇರಣೆ ಬಂದಿತ್ತೆಂದಾದರೆ ಮೊದಲಿಬ್ಬರಿಗೂ ಅದು ಬಂದಿರಲಾರದೇ? ದೇವರು ಕಳುಹಿಸಿದವರೆಲ್ಲರೂ ನಿಲ್ಲುವುದಿಲ್ಲ. ಹಾದುಹೋದವರಿಗೆ ಪೊಲೀಸು, ಕೋರ್ಟು ಎಂಬ ಭಯವೂ ಇದ್ದಿರಬಹುದು. ಆ ಭಯಕ್ಕೆ ಈಗ ಆಧಾರವಿಲ್ಲ ಎಂಬುದನ್ನು ನಿಮ್ಮ ಸಭೆಯಲ್ಲಿ ಯಾರಾದರೂ ಎದ್ದುನಿಂತು ಹೇಳುವುದು ಒಳ್ಳೆಯದು: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಅಪಘಾತಕ್ಕೀಡಾದವರಿಗೆ ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆ; ಹೆಸರು ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಕಾನೂನು ಅಂಥವರನ್ನು ಕರೆಯುವುದೇ ಸಮಾರ್ಯದವನ ಹೆಸರಿನಿಂದ. 108ಕ್ಕೆ ಒಂದು ಕರೆ ಮಾಡಿ ಆಂಬುಲೆನ್ಸ್ ಬರುವವರೆಗೆ ಬಳಿಯಲ್ಲಿ ನಿಂತರೂ ಒಂದು ಜೀವ ಉಳಿದೀತು.

ಮುಂದಿನ ಸಲ ನೀವು ಸಾಕ್ಷಿ ಹೇಳುವಾಗ ಆ ಹುಡುಗನ ತಾಯಿ ಅದೇ ಸಭೆಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆಂದು ತಿಳಿದು ಮಾತಾಡಿ. ಅವರ ಮುಂದೆ ಆಡಲಾಗದ ಸಾಕ್ಷಿಯನ್ನು ಆಡಬೇಡಿ. ‘ನಾವು ಹೆದರಿದ್ದೆವು, ಪ್ರಾರ್ಥಿಸಿದೆವು. ಆ ಮನೆಯವರು ತಮ್ಮ ನಿದ್ದೆ ಬಿಟ್ಟು, ಮಂಚ ಬಿಟ್ಟು ನಮ್ಮನ್ನು ಕಾಪಾಡಿದರು. ಅವರಿಗೆ ನಾವು ಋಣಿಗಳು. ಅವರ ದಯೆಯಲ್ಲಿ ದೇವರು ನಮ್ಮ ಹತ್ತಿರವಿದ್ದನೆಂದು ನಂಬುತ್ತೇನೆ, ಅವರಿಗಾಗಿ ದಿನವೂ ಪ್ರಾರ್ಥಿಸುತ್ತೇನೆ’ ಎಂದರೆ ಸಾಕು. ಇದರಲ್ಲಿ ದೇವರಿಗೆ ಸಲ್ಲಬೇಕಾದದ್ದು ಒಂದಿಷ್ಟೂ ಕಡಿಮೆಯಾಗಿಲ್ಲ, ದುಃಖದಲ್ಲಿರುವವರಿಗೆ ನೋವಾಗುವ ಮಾತೂ ಇಲ್ಲ. 88ನೆಯ ಕೀರ್ತನೆ ಆರಂಭದಿಂದ ಅಂತ್ಯದವರೆಗೆ ಕತ್ತಲೆಯಲ್ಲೇ ಇದೆ, ಒಂದು ಬಿಡುಗಡೆಯ ಮಾತೂ ಇಲ್ಲದೆ ಮುಗಿಯುತ್ತದೆ. ಅದನ್ನೂ ಸತ್ಯವೇದ ಪ್ರಾರ್ಥನೆಯೆಂದೇ ಉಳಿಸಿಕೊಂಡಿದೆ. ನೀವು ಕೃತಜ್ಞತೆಯ ಸಾಕ್ಷಿ ಹೇಳುವ ಸಭೆಯಲ್ಲೇ ಆ ತಾಯಿ ಇಂಥ ಕೀರ್ತನೆಯನ್ನು ಗಟ್ಟಿಯಾಗಿ ಓದಲು ಅವಕಾಶವಿರಬೇಕು.

ನೀವು ಮಣಿಪಾಲದ ಹಾದಿಯಲ್ಲಿ ಇನ್ನೂ ಕೆಲವು ಸಲ ಹೋಗಿಬರಬೇಕಾಗಬಹುದು, ಹಾಗಾಗಿ ಒಂದು ಮಾತು. ದೇವರು ಒಮ್ಮೆ ನಡೆಸಿದನೆಂದು ಮಳೆಗಾಲದ ರಾತ್ರಿ ಘಾಟಿಯ ಪ್ರಯಾಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದದ್ದು ಸೈತಾನ. ಪೌಲನು ಸಹ ಚಳಿಗಾಲದ ಸಮುದ್ರಯಾನ ಬೇಡವೆಂದು ತನ್ನ ಅನುಭವದಿಂದಲೇ ಎಚ್ಚರಿಸಿದ್ದನು. ತಾಯಿಯನ್ನು ಕರೆದೊಯ್ಯುವಾಗ ಹಗಲಿನ ಬಸ್ಸನ್ನೇ ಆರಿಸಿಕೊಳ್ಳಿ, ಘಾಟಿಯ ಸ್ಥಿತಿ ವಿಚಾರಿಸಿಕೊಂಡು ಹೊರಡಿ.

ಆ ಮನೆಗೆ ಖಂಡಿತ ಹೋಗಿ ಬನ್ನಿ, ಸಾಧ್ಯವಾದರೆ ತಮ್ಮನನ್ನೂ ಕರೆದುಕೊಂಡು. ಹಣದ ಲಕೋಟೆ ಒಯ್ಯಬೇಡಿ. ಅವರು ಆಗಲೇ ಬೇಡವೆಂದಿದ್ದಾರೆ, ಮತ್ತೆ ಕೊಟ್ಟರೆ ಮಾಡಿದ ಉಪಕಾರಕ್ಕೆ ಬೆಲೆ ಕಟ್ಟಿದಂತಾಗುತ್ತದೆ. ಧರ್ಮಪ್ರಚಾರದ ಕರಪತ್ರವನ್ನೂ ಒಯ್ಯಬೇಡಿ. ಉಪಕಾರ ಮಾಡಿದವರ ಮನೆಯ ಜಗಲಿಯಲ್ಲಿ ಕುಳಿತು ಅವರ ದಯೆಯನ್ನು ನಮ್ಮ ವಾದಕ್ಕೆ ಸಾಕ್ಷಿ ಮಾಡಿಕೊಳ್ಳುವುದು ಸಭ್ಯತೆಯಲ್ಲ. ಪೌಲನು ಮೆಲೀತೆಯಲ್ಲಿ ಮೂರು ತಿಂಗಳಿದ್ದಾಗ ಏನು ಬೋಧಿಸಿದನೆಂದು ಲೂಕನು ಒಂದು ಸಾಲನ್ನೂ ಬರೆದಿಲ್ಲ. ತಮ್ಮನ್ನು ಮೂರು ದಿನ ಆದರದಿಂದ ಇಟ್ಟುಕೊಂಡ ದ್ವೀಪದ ಮುಖ್ಯಸ್ಥ ಪೊಪ್ಲಿಯನ ತಂದೆ ಜ್ವರದಿಂದಲೂ ರಕ್ತಭೇದಿಯಿಂದಲೂ ಮಲಗಿದ್ದಾಗ ಪೌಲನು ಒಳಗೆ ಹೋಗಿ ಪ್ರಾರ್ಥಿಸಿ ಕೈಯಿಟ್ಟು ಗುಣಪಡಿಸಿದನೆಂಬುದನ್ನು ಬರೆದಿದ್ದಾನೆ. ಹಣ್ಣು, ಮನೆಯಲ್ಲಿ ಮಾಡಿದ ಏನಾದರೂ ತಿಂಡಿ, ತಾಯಿಯ ಕಣ್ಣು ಈಗ ಹೇಗಿದೆ ಎಂಬ ಸುದ್ದಿ, ಇಷ್ಟು ಸಾಕು. ಅವರು ಕೇಳಿದರೆ, ಆ ರಾತ್ರಿ ಬಸ್ಸಿನಲ್ಲಿ ಕುಳಿತು ನೀವು ಪ್ರಾರ್ಥಿಸುತ್ತಿದ್ದಿರೆಂದೂ ಅವರ ಬ್ಯಾಟರಿಯ ಬೆಳಕು ಕಂಡಾಗ ನಿಮ್ಮ ಪ್ರಾರ್ಥನೆಗೆ ಉತ್ತರ ಸಿಕ್ಕಿತೆನಿಸಿತೆಂದೂ ಹೇಳಿ. ಅದು ನಿಮ್ಮ ಅನುಭವ, ಅದನ್ನು ಬಚ್ಚಿಡಬೇಕಿಲ್ಲ. ಅವರು ನಕ್ಕು ‘ಅದರಲ್ಲೇನಿದೆ, ಯಾರಾದರೂ ಮಾಡ್ತಿದ್ರು’ ಎಂದರೆ ಅದನ್ನೂ ಒಪ್ಪಿಕೊಳ್ಳಿ. ಹೊರಡುವಾಗ ನಿಮ್ಮ ವಿಳಾಸವನ್ನೂ ಫೋನ್ ನಂಬರನ್ನೂ ಬರೆದುಕೊಟ್ಟು ಬನ್ನಿ. ಮಲೆನಾಡಿನ ತಾಲ್ಲೂಕುಗಳಿಂದ ಕಾಯಿಲೆಯವರನ್ನು ಕರೆದುಕೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವವರು ದಿನವೂ ಇದ್ದಾರೆ. ಜೊತೆಯಲ್ಲಿ ಬಂದವರಿಗೆ ರಾತ್ರಿ ಮಲಗಲು ಜಾಗ, ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು, ಒಂದು ಬುತ್ತಿ ಊಟ ಬೇಕಾಗುತ್ತದೆ. ಅವರ ಮನೆಯವರಾಗಲಿ, ಅವರ ಕೇರಿಯ ಇನ್ಯಾರಾದರಾಗಲಿ ಅಂಥ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದರೆ ಹೊತ್ತು ನೋಡದೆ ಫೋನ್ ಮಾಡಲಿ, ನಿಮ್ಮ ಮನೆಯಲ್ಲೇ ಇಳಿದುಕೊಳ್ಳಲಿ ಎಂದು ಅವರಿಗೆ ಬಿಡಿಸಿ ಹೇಳಿ.